ಜಾಗ ನೋಡಿ ಇಟ್ಟ ಕಾಮಾ

"ಒಬ್ಬಳೇ ಹುಡುಗಿಗೆ ಇಷ್ಟು ದೊಡ್ಡ ಹಾಸ್ಟೆಲ್ಲಾ?"

ಏಣಿಯ ಮೇಲೆ ಇಂಗ್ಲಿಷಿನಲ್ಲಿ 'ಗರ್ಲ್ಸ್ ಹಾಸ್ಟೆಲ್' ಅಂತ ಬೋರ್ಡ್ ಬರೆಯುತ್ತಿದ್ದ ಪುಟ್ಟಿ ಕೆಳಗೆ ನೋಡಿದಳು. ಹಾಸ್ಟೆಲ್ಲಿನ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡಲು ಹೊಸದಾಗಿ ಬಂದವನು ನಗುತ್ತಿದ್ದ. ಅಕ್ಕಪಕ್ಕದ ಅಂಗಡಿಯವರೂ ನಕ್ಕರು.

"ಗರ್ಲ್ಸ್ ಅಂದ್ರೆ ತುಂಬಾ ಜನ. ಅಪಾಸ್ಟ್ರಫಿ, ಅದೇ ಆ ಮೇಲಿನ ಕಾಮಾ, ಎಸ್ ಆದ್ಮೇಲೆ ಬರಬೇಕು. ನೀವು ಮುಂಚೆ ಹಾಕಿದ್ದೀರಿ, ಒಬ್ಬಳದೇ ಆಗೋಯ್ತು."

ಅವಳ ಕಿವಿ ಬಿಸಿಯಾಯಿತು. ಎಲ್ ಅಕ್ಷರದ ಪಕ್ಕ, ಮೇಲುಗಡೆ ಖಾಲಿ ಜಾಗವಿತ್ತು. ಆ ಪುಟ್ಟ ಕಾಮಾ ಅಲ್ಲಿ ಚೆಂದ ಕೂರುತ್ತಿತ್ತು... ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಅಳಿಸಿ, ತಿದ್ದಿ ಇಳಿದಳು.

ಬೋರ್ಡ್ ಅಂಗಡಿ ದೊಡ್ಡಪ್ಪನದು. ಸುದ್ದಿ ಅವರಿಗೂ ಮುಟ್ಟಿತು.

"ಇನ್ನೊಂದು ದೂರು ಬಂದ್ರೆ ಬ್ರಷ್ ಮುಟ್ಟಬೇಡ. ಹಲಗೆ ಉಜ್ಜಿಕೊಂಡು ಕೂತಿರು."

ಬ್ರಷ್ ಬಿಟ್ಟರೆ ತನಗೆ ಇನ್ನೇನಿದೆ?

ಮಾರನೆಯ ದಿನ ಅವನು ಬೇಕರಿಯ ಮುಂದೆ ಕತ್ತೆತ್ತಿ ನಿಂತಿದ್ದ. ಅವಳೇ ಬರೆದ ಬೋರ್ಡು ಅದು. ಆಮೇಲೆ ಔಷಧಿ ಅಂಗಡಿ. ಆಮೇಲೆ ಸಲೂನು.

'ತಪ್ಪೆಲ್ಲಾ ಹುಡುಕ್ತಿದ್ದಾನೆ... ದೊಡ್ಡಪ್ಪನಿಗೆ ಹೇಳೋಕೆ.'

ಊಟ ಸೇರಲಿಲ್ಲ. ಅವನು ಎದುರಾದರೆ ಸಿಟ್ಟು, ಕಾಣದಿದ್ದರೆ ಇನ್ನೂ ಚಡಪಡಿಕೆ. ಇದೆಂಥಾ ಗ್ರಹಚಾರವೋ...

ಒಂದು ಸಂಜೆ ಅವನು ಅಂಗಡಿಗೇ ಬಂದ.

"ನಿಮ್ಮ ದೊಡ್ಡಪ್ಪ ಇದ್ದಾರಾ?"

ಯಾರಿಗೂ ಎದುರಾಡದವಳು ಅಂದು ತಡೆದುಕೊಳ್ಳಲಿಲ್ಲ. "ದೂರು ಹೇಳೋಕಾ? ಬೀದಿ ಬೀದಿ ಸುತ್ತಿ ಎಷ್ಟು ತಪ್ಪು ಸಿಕ್ತು?"

ಅವನು ತಬ್ಬಿಬ್ಬಾದ.

"ತಪ್ಪಾ? ಅಕ್ಷರ ನೋಡ್ತಿದ್ದೆ ಕಣ್ರೀ. ಸಲೂನ್ ಬೋರ್ಡಲ್ಲಿ ಹೇರ್ ಅನ್ನೋದರ ಆರ್ ಅಕ್ಷರ ಕಾಲು ಚಾಚಿಕೊಂಡು ಹೇಗೆ ಕೂತಿದೆ... ಇಂಥದ್ದು ಬರೆಯೋರನ್ನ ನೋಡಿ ಬೀದೀಲಿ ನಕ್ಕುಬಿಟ್ನಲ್ಲಾ ಅಂತ ಸಂಕಟ. ಕ್ಷಮೆ ಕೇಳೋಕೆ ದಿನಾ ಹೊರಡ್ತಿದ್ದೆ. ಧೈರ್ಯ ಸಾಲದೆ ವಾಪಸ್ ಹೋಗ್ತಿದ್ದೆ."

"ಮತ್ತೆ ದೊಡ್ಡಪ್ಪ ಯಾಕೆ?"

"ಹಾಸ್ಟೆಲ್ ಒಳಗಿನ ಬೋರ್ಡೆಲ್ಲಾ ನೀವೇ ಬರೀಬೇಕು ಅಂತ ಹೇಳೋಕೆ." ಅವನ ದನಿ ತಗ್ಗಿತು. "ಇನ್ನೊಂದು ಮಾತಿದೆ. ಅದು ಮೊದಲು ನಿಮಗೇ ಹೇಳಬೇಕು. ನಿಮ್ಮನ್ನ ನೋಡದೆ ಇರೋಕೆ ಆಗ್ತಿಲ್ಲ ನನಗೆ."

ಅವಳು ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿ ಅವನತ್ತ ತಿರುಗಿದಳು.

"ಆ ಕಾಮಾ... ಎಲ್ಲೆಲ್ಲಿ ಬರುತ್ತೆ?"

"ಮಾಲೀಕರು ಒಬ್ಬರಾದ್ರೆ ಎಸ್‌ಗೆ ಮುಂಚೆ. ಗರ್ಲ್ಸ್ ಥರ ತುಂಬಾ ಜನ ಆದ್ರೆ ಎಸ್ ಆದ್ಮೇಲೆ. ಬರೀ ಕೇಕ್ಸ್, ಬನ್ಸ್ ಅಂದ್ರೆ ಬೇಡವೇ ಬೇಡ."

"ಒಂದೇ ಸಲಕ್ಕೆ ತಲೆಗೆ ಹೋಗಲ್ಲ. ಸಂಜೆ ಹೊತ್ತು ಬರ್ತೀರಾ?"

"ನೀವು ಕಲಿಯೋವರೆಗೂ ಬರ್ತೀನಿ."

ಅವಳು ತಲೆ ತಗ್ಗಿಸಿದಳು.

"ಕಲಿತ ಮೇಲೂ ಬನ್ನಿ."