ಗೋಡೆಯ ಹನ್ನೊಂದು ತೂತು

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಟೈಲರ್ ಠಾಣೆಗೆ ಬಂದ. ನಾಲ್ಕು ದಿನದ ಹಿಂದೆ ಮನೆಯ ಮೇಲೆ ಗುಡ್ಡ ಕುಸಿದು ಅವನ ಹೆಂಡತಿ ಸತ್ತಿದ್ದಳು.

"ಮಳೆಗೆ ಕುಸಿದದ್ದಪ್ಪ. ಯಾರ ಮೇಲೆ ಕಂಪ್ಲೇಂಟ್ ಕೊಡ್ತೀಯ, ಮೋಡದ ಮೇಲಾ?" ಎಂದ ಹೆಡ್ ಕಾನ್‌ಸ್ಟೇಬಲ್.

"ಹೋದ ವರ್ಷ ಇದಕ್ಕಿಂತ ಜೋರಾಗಿ ಹೊಡೀತಲ್ಲ ಸಾರ್, ಆಗ್ಯಾಕೆ ಕುಸೀಲಿಲ್ಲ? ಅದೊಂದು ಹೇಳಿ, ಎದ್ದು ಹೋಗ್ತೀನಿ."

ಒಳಗಿಂದ ಎದ್ದುಬಂದ ಇನ್ಸ್‌ಪೆಕ್ಟರ್ ಎಫ್‌ಐಆರ್ ಬರೆಸಿದರು.

ಮುಂದಿನ ಹನ್ನೆರಡು ದಿನ ಕಚೇರಿಗಳ ಮೆಟ್ಟಿಲು ಹತ್ತುವುದರಲ್ಲೇ ಹೋಯಿತು. ಗುಡ್ಡದ ಬುಡ ಕಡಿದು ರಸ್ತೆ ಮಾಡಿದವರು, ಕಡತ ಹುಡುಕುತ್ತಿದ್ದೇವೆ ಎಂದರು. ಮೇಲಿನ ಮರ ಉರುಳಿಸಿದ ಗುತ್ತಿಗೆದಾರ ಅನುಮತಿ ಪತ್ರ ಚಾಚಿ, ಟೀ ತರಿಸಲಾ ಎಂದು ಕೇಳಿದ. ಎಲ್ಲರ ಬಳಿಯೂ ಸಹಿ ಇತ್ತು, ಸೀಲು ಇತ್ತು. ಇನ್ಸ್‌ಪೆಕ್ಟರಿಗೆ ಹಲ್ಲು ಕಡಿಯುವುದು ಬಿಟ್ಟು ಬೇರೆ ಕೆಲಸ ಉಳಿಯಲಿಲ್ಲ.

ಠಾಣೆಯ ಮೂರನೆಯ ಪತ್ರಕ್ಕೆ ಭೂವಿಜ್ಞಾನಿ ಬಂದರು. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿದರು.

"ಬುಡ ಕಡಿದ್ರೆ ಗುಡ್ಡಕ್ಕೆ ಆಸರೆ ಹೋಗುತ್ತೆ. ಮರ ಹೋದ್ರೆ ಮಣ್ಣು ಹಿಡಿಯೋ ಬೇರು ಹೋಗುತ್ತೆ. ಆದ್ರೂ ಇಷ್ಟು ವರ್ಷ ನಿಂತಿತ್ತು. ಒಳಗೆ ನೀರು ತುಂಬಿದಾಗ ಮಣ್ಣು ಭಾರ ಆಗುತ್ತೆ, ಹಿಡಿತ ಬಿಡುತ್ತೆ. ನೀರು ಸೋರಿಹೋಗ್ಲಿ ಅಂತಲೇ ತಡೆಗೋಡೆಗೆ ತೂತು ಬಿಡೋದು. ಈ ಗೋಡೆ ತೂತೆಲ್ಲಿ?"

ಮಧ್ಯಾಹ್ನ ಸಾಕ್ಷಿಗೆ ಕರೆಸಿದ ಪಂಚರ ಮುಂದೆ ಕುಸಿದ ಗೋಡೆಯ ತುಂಡುಗಳನ್ನು ಹಾರೆಯಿಂದ ಮಗುಚಿದರು. ಸಿಕ್ಕಿದ್ದು ಹನ್ನೊಂದು ಪೈಪಿನ ಬಾಯಿ. ಹನ್ನೊಂದಕ್ಕೂ ಸಿಮೆಂಟ್ ಮೆತ್ತಿತ್ತು. ಕಾನ್‌ಸ್ಟೇಬಲ್ ಒಂದನ್ನು ಒಡೆದಾಗ ಒಳಗೆ ತುರುಕಿದ ಬಿಳಿ ಬಟ್ಟೆ ಬಂತು. ಅಂಚಿನಲ್ಲಿ ಅಳಿಸದ ಕಪ್ಪು ಶಾಯಿಯ ಸಂಖ್ಯೆ.

"ಆಸ್ಪತ್ರೆ ಹೊದಿಕೆ ಸಾರ್. ಗುರುತು ಲಾಂಡ್ರಿಯೋರು ಹಾಕೋದು," ಎಂದ ಕಾನ್‌ಸ್ಟೇಬಲ್.

ಆ ಗೋಡೆಗೆ ಹಿತ್ತಲು ಒತ್ತಿಕೊಂಡಿದ್ದ ಲಾಂಡ್ರಿ ಒಂದೇ. ಅದು ಟೈಲರನ ಭಾವನದು, ಸತ್ತವಳ ಒಡಹುಟ್ಟಿದ ಅಣ್ಣನದು. ಇನ್ಸ್‌ಪೆಕ್ಟರ್ ಹೋದಾಗ ಅವನು ಇಸ್ತ್ರಿ ಮಾಡುತ್ತಿದ್ದ.

"ತೂತು ಮುಚ್ಚಿದ್ದು ಯಾರು?"

"ನಾನೇ ಸಾರ್, ಈ ಸಲ ಮಳೆ ಶುರುವಾಗೋ ಮೊದ್ಲು."

"ಯಾಕೆ?"

"ಗುಡ್ಡದ ಕೆಂಪು ಮಣ್ಣು ನೀರು ಒಣಹಾಕಿದ ಬಟ್ಟೆ ಮೇಲೆ ಸೋರ್ತಿತ್ತು. ರಕ್ತ ಹೋಗಿಲ್ಲ ಅಂತ ಆಸ್ಪತ್ರೆಯೋರು ಗಂಟು ಗಂಟೇ ವಾಪಸ್ ಕಳಿಸೋರು. ಮೂವತ್ತು ವರ್ಷದ ಕೆಲಸ ಸಾರ್, ನನಗೆ ಒಗೆಯೋಕೆ ಬರಲ್ಲ ಅಂದ್ರು. ಚರಂಡಿ ಮಾಡ್ಕೊಡಿ ಅಂತ ಕಚೇರಿಗೆ ನಾಲ್ಕು ಅರ್ಜಿ ಕೊಟ್ಟೆ. ಒಬ್ಬನೂ ಬರ್ಲಿಲ್ಲ."

"ಇದರಿಂದಲೇ ಕುಸೀತು ಅಂತ ಯಾವಾಗ ಗೊತ್ತಾಯ್ತು?"

ಅವನು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟ.

"ತಂಗೀನ ಹುಡುಕಿ ಮಣ್ಣು ತೋಡ್ತಿದ್ದಾಗ, ನಾನು ಮೆತ್ತಿದ ಸಿಮೆಂಟೇ ಕೈಗೆ ಸಿಕ್ತು ಸಾರ್."

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಬಂಧನವಾಯಿತು. ಟೈಲರ್ ಠಾಣೆಯ ಬೆಂಚಿನ ಮೇಲೆ ಕೂತು ವಿಷಯ ಕೇಳಿಸಿಕೊಂಡ.

"ಕಂಪ್ಲೇಂಟ್ ವಾಪಸ್ ತಗೋಬಹುದಾ ಸಾರ್?"

"ಆಗಲ್ಲಪ್ಪ."

ಬುಡ ಕಡಿದವರ ಕಡತ ಇನ್ನೂ ಸಿಕ್ಕಿರಲಿಲ್ಲ. ಇನ್ಸ್‌ಪೆಕ್ಟರ್ ನಾಲ್ಕು ಅರ್ಜಿಗಳ ಸ್ವೀಕೃತಿ ಚೀಟಿಗಳನ್ನು ಕೇಸ್ ಡೈರಿಗೆ ಲಗತ್ತಿಸಿದರು. ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ಬಟ್ಟೆ ಬೆಳ್ಳಗಿರಲೆಂದು.