ಹುಡ್ ಹಾಕದ ಗಂಟೆಗಳು

ಸೋಮವಾರ ಬೆಳಗ್ಗೆ ಹತ್ತಕ್ಕೆ ತಂಗಿಯ ಕೈ ಹಿಡಿದು ಠಾಣೆಯ ಮೆಟ್ಟಿಲು ಹತ್ತಿದ ಆ ತಾಯಿ, ಇನ್‌ಸ್ಪೆಕ್ಟರ್ ಅಂದುಕೊಂಡು ಬೀರುವಿಗೆ ಕೈ ಮುಗಿದರು. ಯಾರೂ ನಗಲಿಲ್ಲ.

"ಮೋಡ ಅಂದ್ರೆ ಭಯ ಅಮ್ಮ ಅಂತಿದ್ದ. ಅಂಥವನಿಗೆ ಮೋಡದಲ್ಲಿ ಹಾರೋ ಲೈಸೆನ್ಸ್ ಹೇಗೆ ಕೊಟ್ರು ಸಾರ್?"

ಲೈಸೆನ್ಸ್ ಸಿಕ್ಕ ವಾರದಲ್ಲೇ ಮಗ ಒಬ್ಬನೇ ವಿಮಾನ ಹಾರಿಸಿ, ಮೋಡದೊಳಗೆ ದಿಕ್ಕು ತಪ್ಪಿ ಗುಡ್ಡಕ್ಕೆ ಬಡಿದು ತೀರಿಕೊಂಡಿದ್ದ. ಎಫ್‌ಐಆರ್ ದಾಖಲಾಯಿತು.

ವಿಮಾನ ಶಾಲೆಯ ತರಬೇತಿ ದಾಖಲೆಗಳಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಹೊರಗೇನೂ ಕಾಣದಂತೆ ಹಣೆಗೆ ಹುಡ್ ಕಟ್ಟಿಕೊಂಡು, ಬರೀ ಮೀಟರುಗಳನ್ನು ನೋಡುತ್ತ ಹಾರಿಸಬೇಕಾದ ಗಂಟೆಗಳೆಲ್ಲ ಭರ್ತಿಯಾಗಿದ್ದವು. ಇನ್‌ಸ್ಪೆಕ್ಟರ್ ಹುಡುಗನ ಲಾಕರ್ ತೆಗೆಸಿ ಪಂಚನಾಮೆ ಶುರು ಮಾಡಿದರು.

ಹೆಡ್ ಕಾನ್‌ಸ್ಟೇಬಲ್ ಹುಡ್ ಎತ್ತಿ ಹಿಡಿದ. "ಅಂಗಡಿಯವರು ಅಂಟಿಸಿದ ಪ್ಲಾಸ್ಟಿಕ್ ಇನ್ನೂ ಕಿತ್ತಿಲ್ಲ ಸಾರ್. ನಾವು ಮೊಬೈಲ್ ತಗೊಂಡ್ರೆ ಮೊದಲು ಕೀಳೋದೇ ಅದನ್ನ."

ತರಬೇತುದಾರನನ್ನು ಕರೆಸಿದರು.

"ಬೇರೆಯವರ ಹುಡ್ ಹಾಕ್ಕೋತಾರಾ?"

"ಬೆವರು ನಾರುತ್ತೆ ಸಾರ್. ಅವರವರದು ಅವರವರಿಗೆ."

"ಸಹಿ ನಿಮ್ದು. ಹಾರಿಸಿದ್ದು ನೋಡಿದ್ರಾ?"

ಅವನು ತಲೆ ತಗ್ಗಿಸಿದ. "ಅಕ್ಕ ಟಿಕ್ ಹಾಕಿದ ಕಡೆ ಸಹಿ ಹಾಕ್ತೀನಿ. ಅವರು ತಪ್ಪೋರಲ್ಲ." ಅವನ ಮೇಲೆ ಕೇಸು ಬಿತ್ತು.

ಅಕ್ಕ ಅಂದರೆ ದಾಖಲೆ ವಿಭಾಗದ ಗುಮಾಸ್ತೆ. ಹುಡ್ ನೋಡಿದ್ದೇ ಆಕೆ ಎದುರಿಗಿದ್ದ ಕಡತ ಮುಚ್ಚಿಟ್ಟಳು.

"ನಾನೇ ಬರೆದೆ. ಆಮೇಲೆ ಹಾರಿ ತುಂಬಿಸ್ತೀನಿ ಅಕ್ಕ ಅಂದ. ಅಮ್ಮನ ಕಣ್ಣು ಪೂರ್ತಿ ಹೋಗೋದ್ರೊಳಗೆ ಪೈಲಟ್ ಯೂನಿಫಾರ್ಮಲ್ಲಿ ಒಂದ್ಸಲ ಎದುರಿಗೆ ನಿಲ್ಬೇಕು ಅಂದ. ಇಲ್ಲ ಅನ್ನೋಕಾಗ್ಲಿಲ್ಲ. ಪರೀಕ್ಷೆ ನೆಲದ ಮೇಲಿನ ಸಿಮ್ಯುಲೇಟರ್‌ನಲ್ಲಿತ್ತು, ಹೇಗೋ ಪಾಸಾದ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅವನೇ ಕೇಳಿದ್ದು ಅಂತ ಆ ತಾಯಿಗೆ ಹೇಳ್ಬೇಡಿ ಸಾರ್."

ಬಂಧನದ ಕಾಗದಕ್ಕೆ ಆಕೆ ತನ್ನ ಅಚ್ಚುಕಟ್ಟು ಅಕ್ಷರದಲ್ಲೇ ಸಹಿ ಹಾಕಿದಳು.

ಮರುದಿನ ಹೆಚ್ಚುವರಿ ಹೇಳಿಕೆಗೆಂದು ಅವರೇ ತಾಯಿಯ ಮನೆಗೆ ಹೋದರು.

"ಸುಳ್ಳು ಗಂಟೆ ಬರೆದ ಆ ಹೆಣ್ಣುಮಗಳಿಗೆ ನನ್ನ ಮಗನ ಮೇಲೆ ಏನು ದ್ವೇಷ?"

"ದ್ವೇಷ ಅಲ್ಲಮ್ಮ. ಅವಸರ."

"ಯಾರಿಗೆ ಅವಸರ?"

ಇನ್‌ಸ್ಪೆಕ್ಟರ್ ಹೇಳಿಕೆಯ ಹಾಳೆ ಬಿಡಿಸಿ ಇಟ್ಟರು. ಆ ತಾಯಿ ಗೋಡೆಗೆ ಹೇಳುವಂತೆ ಹೇಳಿದರು:

"ಲೈಸೆನ್ಸ್ ಬಂದ ದಿನ ಯೂನಿಫಾರ್ಮ್ ಹಾಕ್ಕೊಂಡು ಬಂದು, ಕಾಣ್ತೀನಾ ಅಮ್ಮ ಅಂದ. ರಾಜನ ಹಾಗೆ ಕಾಣ್ತೀಯ ಕಣೋ ಅಂದೆ. ಏನೂ ಕಾಣ್ತಿರ್ಲಿಲ್ಲ ಸಾರ್. ಅಷ್ಟೊತ್ತಿಗೆ ಎರಡು ತಿಂಗಳಾಗಿತ್ತು ಕಣ್ಣು ಪೂರ್ತಿ ಹೋಗಿ. ಓದು ಕೆಡುತ್ತೆ ಅಂತ ಹೇಳಿರ್ಲಿಲ್ಲ."

ಇನ್‌ಸ್ಪೆಕ್ಟರ್ ಅವರ ಬೆರಳು ಹಿಡಿದು, ಸಹಿ ಹಾಕಬೇಕಾದ ಜಾಗದ ಮೇಲೆ ಇಟ್ಟರು.