ಪೆಟ್ಟಿಗೆ ಕಾಯುವ ಸೀಟು

ಟಪ್.

ಅಷ್ಟೇ ಸದ್ದು. ವಿಮಾನ ನಿಲ್ದಾಣದಿಂದ ನಗರಕ್ಕೆ ಹೊರಟ ಕೊನೆಯ ರೈಲು ಸುರಂಗದ ತಿರುವಿನಲ್ಲಿ ವಾಲುತ್ತಿತ್ತು. ಪಕ್ಕದ ಬೋಗಿಯಲ್ಲಿದ್ದ ಟಿಕೆಟ್ ತಪಾಸಕಿ ಕಿವಿ ನಿಮಿರಿಸಿದಳು. ಬಾಗಿಲ ಬಳಿಯ ಮಡಚುವ ಸೀಟಿನ ಸದ್ದು ಅದು. ಕೂತವರು ಎದ್ದರೆ ಸ್ಪ್ರಿಂಗ್ ಎಳೆದು ಸೀಟು ಗೋಡೆಗೆ ಬಡಿಯುತ್ತದೆ. ಆದರೆ ಸುರಂಗದ ನಡುವೆ ಎದ್ದವರು ಯಾರು?

ಮರುಕ್ಷಣವೇ ಗಂಡಸಿನ ಕೂಗು.

ಅವಳು ಓಡಿ ಬಂದಾಗ ಬೋಗಿಯಲ್ಲಿ ಇದ್ದವರು ಇಬ್ಬರೇ. ಮೂಲೆಯಲ್ಲಿ ಒಬ್ಬ ಮುದುಕಿ, ಬಾಗಿಲ ಬಳಿ ಆಕೆಯ ಮಗ. ಅವನ ಕೈಯಲ್ಲಿ ಟೊಪ್ಪಿ ಇರುವ ಹೆಂಗಸರ ಕೋಟು. ಖಾಲಿ ಕೋಟು. ಜಿಪ್ಪು ಮಾತ್ರ ಕುತ್ತಿಗೆವರೆಗೂ ಹಾಕಿಯೇ ಇತ್ತು.

"ನನ್ನ ತಂಗಿ! ಈಗ ತಾನೇ ಇಲ್ಲೇ ಕೂತಿದ್ಲು!"

"ನೀವು ನೋಡಿದ್ರಾ?"

"ಕಿಟಕಿ ಗಾಜಿನಲ್ಲಿ ಅವಳ ನೆರಳು ಕಾಣ್ತಾನೇ ಇತ್ತು. ಟಪ್ ಅಂತು, ತಿರುಗಿ ನೋಡ್ತೀನಿ — ಇಲ್ಲ!"

ತಪಾಸಕಿಯೂ ಅವಳನ್ನು ನೋಡಿದ್ದಳು. ಸಾಮಾನು ಹೆಚ್ಚಿದ್ದ ಮನೆಯವರು ಒಬ್ಬರನ್ನು ಬಾಗಿಲ ಬಳಿ ಕಾವಲಿಗೆ ಕೂರಿಸಿ, ಮಿಕ್ಕವರು ಒಳಗೆ ಕೂರುವುದು ಈ ರೈಲಿನ ರೂಢಿ. ಸಿಬ್ಬಂದಿಯ ಬಾಯಲ್ಲಿ ಅದು ಪೆಟ್ಟಿಗೆ ಕಾಯುವ ಸೀಟು. ಅಣ್ಣ ಮೂರೂ ಟಿಕೆಟ್ ತೋರಿಸಿದ್ದ. ಆಮೇಲೆ ಅವಳು ಆ ಸೀಟಿನ ಮುಂದೆ ನಿಂತು, "ನೀವು ಅವರ ಜೊತೇನಾ?" ಎಂದು ಕೇಳಿದ್ದಳು. ಟೊಪ್ಪಿ ಹೌದೆಂಬಂತೆ ತಲೆಯಾಡಿಸಿತ್ತು.

ಮುಖ? ಮುಖ ನೋಡಿದ್ದೆನೇ?

ನಿಲ್ದಾಣ ಬಂತು. ಗಾರ್ಡ್ ಬೋಗಿಯನ್ನೆಲ್ಲ ಜಾಲಾಡಿ ಬಂದ.

"ಬಾಗಿಲು ತೆರೆದ್ರೆ ನನ್ನ ಮುಂದೆ ಕೆಂಪು ದೀಪ ಹತ್ತುತ್ತೆ ಅಕ್ಕ. ಹತ್ತಿಲ್ಲ. ರೈಲು ನಡುವೆ ಎಲ್ಲೂ ನಿಂತೂ ಇಲ್ಲ. ಹುಡುಗಿ ಏನು ಕರ್ಪೂರಾನಾ, ಕರಗಿಹೋಗೋಕೆ?" ಗಾರ್ಡ್ ನಗಲು ನೋಡಿದ.

"ಸುರಂಗದಲ್ಲಿ ಹುಡುಕ್ಸಿ!" ಅಣ್ಣ ಗುಡುಗಿದ. "ಅವಳು ಎಲ್ಲಿಗೂ ಹೋಗೋ ಹಾಗಿಲ್ಲ. ವಿಮಾನ ಇಳಿದ ಕೂಡ್ಲೇ ಪಾಸ್‌ಪೋರ್ಟ್ ಇಸ್ಕೊಂಡಿದೀನಿ." ಎದೆಯ ಜೇಬನ್ನು ಮೇಲಿನಿಂದಲೇ ತಟ್ಟಿ ನೋಡಿಕೊಂಡ. ಒಳಗೇನೋ ಗಟ್ಟಿಯಾಗಿ ತಗುಲಿತು. ಸಮಾಧಾನವಾಯಿತು.

"ಯಾಕೆ ಇಸ್ಕೊಂಡ್ರಿ?"

"ಅದು ನಮ್ಮ ಮನೆ ವಿಷಯ ಮೇಡಂ."

ಅವನು ಗಾರ್ಡ್ ಜೊತೆ ಪೊಲೀಸರಿಗೆ ಫೋನ್ ಮಾಡಲು ಹೋದ. ತಪಾಸಕಿ ಮುದುಕಿಯನ್ನು ವಿಶ್ರಾಂತಿ ಕೋಣೆಗೆ ಕರೆತಂದಳು. ಜೊತೆಗೆ ಆ ಕೋಟು, ಎದುರು ಸೀಟಿನಡಿ ಬಿದ್ದಿದ್ದ ಸೂಟ್‌ಕೇಸು. ಟ್ಯೂಬ್‌ಲೈಟು ಮಿಣುಕುತ್ತಿತ್ತು. ಮುದುಕಿ ಅಳಲಿಲ್ಲ. ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ಆಮೇಲೆ ಕನ್ನಡಕ ತೆಗೆದು ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿಕೊಂಡರು.

"ಕನ್ನಡಕದ ಡಬ್ಬಿ ಎಲ್ಲಿ ಅಮ್ಮ?"

ಮುದುಕಿಯ ಕೈ ನಿಂತಿತು.

ತಪಾಸಕಿ ಕೋಟನ್ನು ಮೇಜಿನ ಮೇಲೆ ಹರಡಿದಳು. "ಇದನ್ನ ನೋಡಿ ಎಲ್ಲರೂ ಹೆದರಿದ್ರು. ನಾನೂ ಹೆದರಿದೆ. ಆದ್ರೆ ಅಮ್ಮ, ಮನುಷ್ಯರು ಕೋಟು ಬಿಚ್ಚಬೇಕಾದ್ರೆ ಜಿಪ್ಪು ಎಳೀತಾರೆ. ಇದನ್ನ ಯಾರೂ ಬಿಚ್ಚಿಲ್ಲ. ಇದು ಜಾರಿದೆ." ಸೂಟ್‌ಕೇಸನ್ನು ನಿಲ್ಲಿಸಿದಳು. ಎಳೆಯುವ ಹಿಡಿ ಮೇಲೆದ್ದೇ ಇತ್ತು. ಕೋಟನ್ನು ತೊಡಿಸಿ, ಟೊಪ್ಪಿಯನ್ನು ಹಿಡಿಗೆ ಸಿಕ್ಕಿಸಿದಳು. ತಲೆ ತಗ್ಗಿಸಿ ಕೂತ ಹೆಂಗಸು! ತಾನೇ ಮಾಡಿದ್ದಾದರೂ ಒಂದು ಹೆಜ್ಜೆ ಹಿಂದೆ ಸರಿದಳು.

"ಸೂಟ್‌ಕೇಸಿನ ಭಾರಕ್ಕೆ ಸೀಟು ಕೆಳಗೇ ಇತ್ತು. ತಿರುವಿನಲ್ಲಿ ಅದು ಉರುಳಿತು. ಸೀಟು ಟಪ್ ಅಂತು. ಎದ್ದವರು ಯಾರೂ ಇಲ್ಲ, ಯಾಕಂದ್ರೆ ಅಲ್ಲಿ ಯಾರೂ ಕೂತೇ ಇರಲಿಲ್ಲ. ನಿಮ್ಮ ಮಗ ಜಾಗ ಹಿಡಿಯೋಕೆ ಒಳಗೆ ಹೋದ್ರು. ಕೊನೇಲಿ ಹತ್ತಿದವರು ನೀವು. ಅವರ ಜೇಬಿನಲ್ಲಿ ಗಟ್ಟಿಯಾಗಿ ತಗುಲೋದು ಪಾಸ್‌ಪೋರ್ಟ್ ಅಲ್ಲ, ನಿಮ್ಮ ಕನ್ನಡಕದ ಡಬ್ಬಿ. ಮಗಳನ್ನ ಮಾಯ ಮಾಡಿದ್ದು ನೀವೇ ಅಮ್ಮ."

ಮುದುಕಿ ನಿಧಾನವಾಗಿ ಉಸಿರು ಬಿಟ್ಟರು.

"ಪೆಟ್ಟಿಗೆ ಎತ್ತಿಟ್ಟು, ನಾನು ಕೊಟ್ಟ ಪಾಸ್‌ಪೋರ್ಟ್ ಹಿಡಿದು ಇಳಿದುಹೋದದ್ದು ಅವಳು. ಜಿಪ್ಪು ಎಳೆದದ್ದು ನಾನು. ಚಿಕ್ಕೋಳಿದ್ದಾಗ ಶಾಲೆಗೆ ಕಳಿಸ್ತಾ ಹೀಗೇ ಎಳೀತಿದ್ದೆ." ಕೋಟಿನ ತೋಳನ್ನು ಸವರಿದರು. "ಅಮ್ಮ ಸಾಯ್ತಿದ್ದಾಳೆ ಅಂತ ಸುಳ್ಳು ಹೇಳಿ ಇವನು ಅವಳನ್ನ ಪರದೇಶದಿಂದ ಕರೆಸ್ದ. ನೋಡು, ಎಷ್ಟು ಚೆನ್ನಾಗಿ ಸಾಯ್ತಿದ್ದೀನಿ! ಹೋದ ಸಲ ಅವಳನ್ನ ಕೋಣೆಗೆ ಕೂಡಿ ಹೊರಗಿನಿಂದ ಬೀಗ ಹಾಕಿದ್ದ. ಈ ಸಲ ಆ ಬೀಗ ತೆಗೆಯೋ ಶಕ್ತಿ ನನಗಿಲ್ಲ."

"ವಿಮಾನ ಯಾವಾಗ?"

"ಇನ್ನೇನು ಹತ್ತಿಸ್ಕೋತಾರೆ. ಅವನು ಜೇಬಿಗೆ ಕೈ ಹಾಕೋದ್ರೊಳಗೆ ಹಾರಿದ್ರೆ ಸಾಕು."

ಬಾಗಿಲು ದಢಾರನೆ ತೆರೆಯಿತು. ತಪಾಸಕಿ ಟೊಪ್ಪಿಯನ್ನು ಹಿಡಿಯಿಂದ ಕಿತ್ತಳು.

"ಪೊಲೀಸರು ಅವಳ ಫೋಟೋ ಕೇಳ್ತಿದ್ದಾರೆ," ಅಣ್ಣ ಏದುಸಿರು ಬಿಟ್ಟ. "ಪಾಸ್‌ಪೋರ್ಟಿನಲ್ಲಿದೆ, ತಾಳಿ —" ಅವನ ಬೆರಳು ಜೇಬಿನೊಳಗೆ ಇಳಿಯುತ್ತಿತ್ತು.

ಮುದುಕಿ ಕಣ್ಣು ಮುಚ್ಚಿಕೊಂಡರು.

"ಸರ್!" ತಪಾಸಕಿ ತನ್ನ ದೊಡ್ಡ ಟಾರ್ಚನ್ನು ಅವನ ಎರಡೂ ಕೈಗೆ ತುರುಕಿದಳು. "ಫೋಟೋ ಆಮೇಲೆ. ಮೊದಲು ಸುರಂಗ. ತಡ ಮಾಡಿದ್ರೆ ನಾನು ಜವಾಬ್ದಾರಿ ಅಲ್ಲ. ಬನ್ನಿ, ನಾನೇ ದಾರಿ ತೋರಿಸ್ತೀನಿ."

ಅವನು ಬಂದ. ಗಾರ್ಡ್ ಹಿಂದಿನಿಂದ ಬಂದ. ಕತ್ತಲಲ್ಲಿ ಹಳಿಯ ಪಕ್ಕ ನಡೆಯುತ್ತಾ ಅಣ್ಣ ತಂಗಿಯ ಹೆಸರು ಹಿಡಿದು ಕೂಗಿದ. ಸುರಂಗ ಅದೇ ಹೆಸರನ್ನು ತಡವಾಗಿ, ಬೇರೆ ಯಾರದೋ ದನಿಯಲ್ಲಿ ಹಿಂದಿರುಗಿಸಿತು.

"ಏನಾದ್ರೂ ಹೊಳೀತಾ ಅಕ್ಕ?" ಗಾರ್ಡ್ ಪಿಸುಗುಟ್ಟಿದ.

ತಪಾಸಕಿಯ ಕಣ್ಣ ಮುಂದೆ ಮತ್ತೆ ಆ ಟೊಪ್ಪಿ ತಲೆಯಾಡಿಸಿತು. ರೈಲಿನ ಕುಲುಕಾಟವೇ ಇರಬೇಕು. ಕುಲುಕಾಟವೇ.

ಗಾರ್ಡ್‌ಗಾಗಲಿ, ಪೊಲೀಸರಿಗಾಗಲಿ, ಮನೆಯಲ್ಲಾಗಲಿ, ತಾಯಿ-ಮಗಳ ಈ ಗುಟ್ಟು ತನ್ನ ಬಾಯಿಂದ ಹೊರಬೀಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿಕೊಂಡಳು.

"ಇನ್ನೂ ಸ್ವಲ್ಪ ಮುಂದೆ ನೋಡೋಣ," ಎಂದಳು.